ಕಾಫಿ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಹೋದರೆ ಶ್ರೀನಗರದ ಹಳೆಯ ಪಟ್ಟಣದಲ್ಲಿ ಹಿಮ ಬೀಳುವುದನ್ನು ನೋಡಬಹುದೇ?

ಆ ಆಸೆ ಇಟ್ಟುಕೊಂಡು ಮಾರ್ಚ್‌ನಲ್ಲಿ ಹೋಗಬೇಡಿ. ಮೂಡಿಗೆರೆ ಕಡೆಯ ಬೆಳೆಗಾರರು ಎಂದು ಬರೆದಿದ್ದೀರಿ. ನಮ್ಮದು ಆಲ್ದೂರಿನ ಹತ್ತಿರ. ನಾನೂ ಇದೇ ಲೆಕ್ಕ ಹಾಕಿದ್ದೆ. ಅರೇಬಿಕಾ ಮುಗಿದಿತ್ತು, ರೋಬಸ್ಟಾ ಕಣದಿಂದ ಗೋದಾಮು ಸೇರಿತ್ತು, ಕಾಫಿ ಗಿಡ ಅರಳಿಸುವ ಹೂಮಳೆಗೆ ಕಾಯುವುದಷ್ಟೇ ಬಾಕಿ. ಅಪ್ಪನೂ ‘ಈಗ ಹೋಗಿ ಬಾ’ ಎಂದರು. ಹೋದೆವು. ಹರಿ ಪರ್ವತದ ಬುಡದ ಬಾದಾಮ್‌ವಾರಿ ತೋಟದಲ್ಲಿ ಬಾದಾಮಿ ಮರಗಳು ಹೂಬಿಟ್ಟಿದ್ದವು, ಪಟ್ಟಣದಲ್ಲಿ ಜಿಟಿಜಿಟಿ ಮಳೆ. ಅಷ್ಟು ದೂರದಿಂದ ಹೋಗಿ ಮಳೆ ನೋಡಿ ಬಂದೆವು!

ಎಡವಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ. ಮಾರ್ಚ್‌ನಲ್ಲಿ ಕಾಶ್ಮೀರದ ಗಿರಿಧಾಮ ಗುಲ್ಮಾರ್ಗ್‌ನ ಚಿತ್ರಗಳ ತುಂಬ ಹಿಮ ಇರುತ್ತದೆ. ಅವನ್ನು ನಂಬಿ ಶ್ರೀನಗರವೂ ಹಾಗೆಯೇ ಇರುತ್ತದೆ ಎಂದುಕೊಂಡೆ. ಆದರೆ ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಶ್ರೀನಗರ 1,600 ಮೀಟರಿನ ಆಸುಪಾಸು, ಅಂದರೆ ನಮ್ಮ 1,930 ಮೀಟರಿನ ಮುಳ್ಳಯ್ಯನಗಿರಿಗಿಂತ ತಗ್ಗು. ಅಷ್ಟು ಉತ್ತರದಲ್ಲಿರುವುದರಿಂದಲೇ ಅಲ್ಲಿ ಹಿಮ, ಅದೂ ಚಳಿ ಕಚ್ಚಿಕೊಂಡಿರುವ ತನಕ ಮಾತ್ರ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಸಾಗಿ ಬರುವ ಮೋಡಗಳು ಮಾರ್ಚ್‌ನಲ್ಲೂ ಬರುತ್ತವೆ. ಅಷ್ಟರಲ್ಲಿ ಕಣಿವೆ ಬೆಚ್ಚಗಾಗಿರುವುದರಿಂದ ಸಾಮಾನ್ಯವಾಗಿ ಬೆಟ್ಟಕ್ಕೆ ಹಿಮ ಬಿದ್ದರೆ ಪಟ್ಟಣಕ್ಕೆ ಸಿಗುವುದು ಮಳೆ.

ಡಿಸೆಂಬರ್ 21ರಿಂದ ನಲವತ್ತು ದಿನಗಳನ್ನು ಕಾಶ್ಮೀರಿಗಳು ‘ಚಿಲ್ಲೈ ಕಲಾನ್’ ಎನ್ನುತ್ತಾರೆ, ಕಡುಚಳಿಯ ಕಾಲ. ಹೋಗಬೇಕಾದದ್ದು ಆಗ. ಕೊಯ್ಲಿನ ಕಾಲವೂ ಅದೇ ಎನ್ನುತ್ತೀರಿ, ಗೊತ್ತು. ಕಣವನ್ನು ತೋಟದ ಲೆಕ್ಕ ನೋಡುವ ರೈಟರ್‌ಗೆ ಒಪ್ಪಿಸಿ ಹೊರಡಿ. ಕೊಯ್ಲು ವರ್ಷವರ್ಷವೂ ಬರುತ್ತದೆ.

ಮುಂದೊಂದು ಜನವರಿಯಲ್ಲಿ ನಾನು ಹಾಗೆಯೇ ಹೊರಟೆ. ರಾತ್ರಿಯಿಡೀ ಹಿಮ ಸುರಿದಿತ್ತು. ಬೆಳಿಗ್ಗೆಯೂ ಬೀಳುತ್ತಿರುವಾಗಲೇ ನಾನು ಮತ್ತು ಹೆಂಡತಿ ಹಳೆಯ ಪಟ್ಟಣದ ಝೈನಾ ಕದಲ್ ಸೇತುವೆಯ ಕಡೆ ನಡೆದೆವು. ಫಿರನ್ ಎಂಬ ಸಡಿಲ ನಿಲುವಂಗಿಯ ಒಳಗೆ ಕೆಂಡದ ಬುಟ್ಟಿ ಕಾಂಗ್ಡಿ ಹಿಡಿದವರು ಹರೀಸಾ ಎಂಬ ಮಾಂಸದ ಖಾದ್ಯದ ಅಂಗಡಿಗಳ ಮುಂದೆ ನಿಂತಿದ್ದರು. ಸೂಫಿಗಳ ಪ್ರಾರ್ಥನಾ ಮಂದಿರ ಖಾನ್ಕಾ-ಎ-ಮೌಲಾದ ಅಂತಸ್ತು ಅಂತಸ್ತಿನ ಮರದ ಚಾವಣಿ ಕಂಡಾಗ ಇಬ್ಬರಿಗೂ ಮಾತು ನಿಂತಿತು. ಹಳೇಬೀಡಿನ ಗೋಡೆಯ ಆನೆಕುದುರೆಗಳ ಸಾಲನ್ನು ಸಂಜೆಯ ಓರೆಬಿಸಿಲು ಎತ್ತಿ ತೋರಿಸುತ್ತದಲ್ಲ, ಅಲ್ಲಿ ಆ ಕೆಲಸವನ್ನು ಹಿಮ ಮಾಡುತ್ತಿತ್ತು. ಸೂರಿನ ಒಂದೊಂದು ಅಂಚಿಗೂ, ಕಿಟಕಿಯ ಜಾಲರಿಯ ಒಂದೊಂದು ಪಟ್ಟಿಗೂ ಬಿಳಿಯ ಗೆರೆ. ಬಡಗಿಯ ಕೈ ಎಲ್ಲೆಲ್ಲಿ ಆಡಿದೆಯೋ ಅಲ್ಲೆಲ್ಲ ಹಿಮ ಕೂತಿತ್ತು. ಝೇಲಂ ಮಾತ್ರ ಕಪ್ಪಗೆ ಹರಿಯುತ್ತಿತ್ತು. ಹೊಸ ಬಡಾವಣೆಯ ಕಾಂಕ್ರೀಟ್ ತಾರಸಿಯ ಮೇಲೂ ಅದೇ ಹಿಮ ಬಿದ್ದಿತ್ತು, ಬರೀ ಹಾಸಿನ ಹಾಗೆ. ಜಾಮಾ ಮಸೀದಿಯೊಳಗೆ ಸಾಲುಸಾಲು ದೇವದಾರು ಕಂಬಗಳು. ಅಂಗಳದಲ್ಲಿ ಎಲೆ ಉದುರಿದ ಚಿನಾರ್ ಮರಗಳ ಕೊಂಬೆಕೊಂಬೆಯ ಮೇಲೂ ಬಿಳುಪು.

ಆದ್ದರಿಂದ ಗುಲ್ಮಾರ್ಗ್ ಸೇರಿಸಬೇಕೇ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೂ ಬೇಡ ಎಂದೇ ಉತ್ತರ. ನೀವು ಅತ್ತ ಹೋದ ದಿನವೇ ಪಟ್ಟಣದಲ್ಲಿ ಹಿಮ ಬಿದ್ದರೆ? ಊರಲ್ಲೇ ಇರಿ, ಬೆಳಿಗ್ಗೆ ಬೇಗ ಏಳಿ. ಚಾವಣಿಯ ಹಿಮವನ್ನು ಜನ ಗೋರಿ ಕೆಳಗೆ ತಳ್ಳುವ ಮೊದಲೇ ನೋಡಬೇಕು. ಚಿಲ್ಲೈ ಕಲಾನ್‌ನಲ್ಲೂ ಒಣಚಳಿಯೇ ಮುಂದುವರಿಯುವ ವರ್ಷಗಳಿವೆ, ಆದ್ದರಿಂದ ಒಂದು ವಾರವಾದರೂ ಇಟ್ಟುಕೊಳ್ಳಿ. ಹಿಮ ಜೋರಾದರೆ ವಿಮಾನ ರದ್ದಾಗುತ್ತದೆ, ಜಮ್ಮು ಹೆದ್ದಾರಿಯೂ ಮುಚ್ಚುತ್ತದೆ. ಬೆಂಗಳೂರಿನಿಂದ ಊರಿಗೆ ಬರುವ ಬಸ್ಸನ್ನು ಮೊದಲೇ ಕಾಯ್ದಿರಿಸಬೇಡಿ.