ನೂರಹತ್ತನೇ ಪುಟದಾಚೆ

ದಾವಣಗೆರೆಯ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇದು: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಮೂರು ಸಲ ಕೈಗೆತ್ತಿಕೊಂಡೆ. ಮೂರು ಸಲವೂ 110ನೇ ಪುಟದ ಆಸುಪಾಸಿನಲ್ಲಿ ನಿಂತುಹೋಯಿತು. ಹೆಸರುಗಳು ಕಲಸಿಹೋಗುತ್ತವೆ, ಮಾತು ಅರ್ಧಂಬರ್ಧ ತಿಳಿಯುತ್ತದೆ, ಕಥೆ ಮುಂದೆ ಸರಿಯುವುದೇ ಇಲ್ಲ. ಎಲ್ಲರೂ ಕೊಂಡಾಡುವ ಪುಸ್ತಕವನ್ನು ಮುಗಿಸಲಾಗಲಿಲ್ಲ ಎನ್ನಲು ನಾಚಿಕೆ. ಕುಮಾರವ್ಯಾಸನ ವಿಷಯದಲ್ಲೂ ಇದೇ ಪಾಡು. ಬಿಟ್ಟುಬಿಡಲೇ?

ಮಾನ್ಯರೇ,

ಸದ್ಯಕ್ಕೆ ಬಿಡಬೇಡಿ. ಹಾಗೆಂದು ನಾಲ್ಕನೇ ಸಲ ಮೊದಲ ಪುಟದಿಂದ ಶುರು ಮಾಡಲೂ ಬೇಡಿ. ದೊಡ್ಡ ಪುಸ್ತಕಗಳನ್ನು ನಡುವೆ ಬಿಟ್ಟವರು ಸಾಮಾನ್ಯವಾಗಿ ಮಾಡುವ ತಪ್ಪು ಅದೇ. ಮೊದಲ ನೂರು ಪುಟ ಮೂರು ಸಲ ಓದಿರುತ್ತಾರೆ, ಉಳಿದ ಐನೂರು ಒಂದು ಸಲವೂ ಇಲ್ಲ. ಗೊತ್ತಿರುವುದನ್ನೇ ಮತ್ತೆ ಓದುವಾಗ ಬೇಸರ ಬೇಗ ಬರುತ್ತದೆ, ಅದೇ ಜಾಗದಲ್ಲಿ ಮತ್ತೆ ಕಾಲು ಸೋಲುತ್ತದೆ. ನಿಂತಲ್ಲಿಂದ ಒಂದೇ ಒಂದು ಅಧ್ಯಾಯ ಹಿಂದೆ ಹೋಗಿ, ಅಲ್ಲಿಂದ ಹೊರಡಿ.

ಹೆಸರುಗಳು ಏಕೆ ಕಲಸಿಹೋಗುತ್ತವೆ? ನಿಮ್ಮ ನೆನಪಿನ ಶಕ್ತಿಯನ್ನು ದೂರಬೇಡಿ. ಬಯಲುಸೀಮೆಯವರಿಗೆ ಊರು ಎಂದರೆ ಸಾಲು ಮನೆ, ಬೀದಿ, ಅಗಸೆ ಬಾಗಿಲು. ಮಲೆನಾಡಿನಲ್ಲಿ ಎಷ್ಟೋ ಕಡೆ ಊರು ಎಂದರೆ ಒಂದು ದೊಡ್ಡ ಮನೆ, ಅದರ ಗದ್ದೆ-ತೋಟ, ಆಚೆಗೆ ಆಳುಗಳ ಬಿಡಾರ, ಅಷ್ಟೇ. ಮುಂದಿನ ಮನೆಗೆ ಗುಡ್ಡ ಹತ್ತಿ ಇಳಿಯಬೇಕು. ಹಾಗಾಗಿ ಸಿಂಬಾವಿ, ಕೋಣೂರು, ಹೂವಳ್ಳಿ ಎಂಬವು ಊರಿನ ಹೆಸರೂ ಹೌದು, ಮನೆಯ ಹೆಸರೂ ಹೌದು, ಅಲ್ಲಿಯವರ ಗುರುತೂ ಹೌದು. ಇದು ಗೊತ್ತಿಲ್ಲದೆ ಓದಿದರೆ ಆ ಹೆಸರು ಬರೀ ವಿಳಾಸ ಎಂದುಕೊಂಡು ದಾಟಿಬಿಡುತ್ತೇವೆ. ಜೊತೆಗೆ, ಒಬ್ಬರೇ ವ್ಯಕ್ತಿಯನ್ನು ಆಳು ‘ಅಯ್ಯಾ’ ಎನ್ನುತ್ತಾನೆ, ನೆಂಟ ಹೆಸರು ಹಿಡಿದು ಕರೆಯುತ್ತಾನೆ, ಲೇಖಕರು ‘ಹೆಗ್ಗಡೆಯವರು’ ಎನ್ನುತ್ತಾರೆ. ಒಬ್ಬರು ಮೂವರಾಗಿ ಕಾಣುವುದು ಹೀಗೆ.

ಒಂದು ಎ4 ಹಾಳೆ ತೆಗೆದುಕೊಂಡು ಅಡ್ಡಕ್ಕೆ ಇಟ್ಟುಕೊಳ್ಳಿ. ಒಂದು ತುದಿಗೆ ತೀರ್ಥಹಳ್ಳಿ, ಇನ್ನೊಂದು ತುದಿಗೆ ಆಗುಂಬೆ, ನಡುವೆ ದಾರಿ, ದಾರಿಯ ಮೇಲೆ ಮೇಗರವಳ್ಳಿ ಎಂದು ಬರೆಯಿರಿ. ಉಳಿದ ಮನೆಗಳನ್ನು ಸುತ್ತ ಹರಡಿ. ದಿಕ್ಕು ಕರಾರುವಾಕ್ಕಾಗಿ ಇರಬೇಕಾಗಿಲ್ಲ. ಸಿಂಬಾವಿಯ ಕೆಳಗೆ ಭರಮೈ ಹೆಗ್ಗಡೆ, ಅವರ ಜೀತದಾಳು ಗುತ್ತಿ, ಗುತ್ತಿಯ ನಾಯಿ ಹುಲಿಯ. ಬೆಟ್ಟಳ್ಳಿಯ ಕೆಳಗೆ ಕಲ್ಲಯ್ಯಗೌಡರು, ದೇವಯ್ಯ, ಅಲ್ಲಿಯ ಕೇರಿಯ ತಿಮ್ಮಿ. ಹಳೆಮನೆಗೆ ಸುಬ್ಬಣ್ಣ ಹೆಗ್ಗಡೆ. ಕೋಣೂರಿಗೆ ಮುಕುಂದಯ್ಯ, ಐತ, ಪೀಂಚಲು. ಹೂವಳ್ಳಿಗೆ ಚಿನ್ನಮ್ಮ. ಮೇಗರವಳ್ಳಿಗೆ ಅಂತಕ್ಕ, ಅವಳ ಮಗಳು ಕಾವೇರಿ. ಮೊದಲಿಗೆ ಇಷ್ಟು ಸಾಕು. ಹೊಸಬರು ಎರಡನೇ ಸಲ ಕಾಣಿಸಿಕೊಂಡಾಗ ಮಾತ್ರ ಸೇರಿಸಿ. ಒಮ್ಮೆ ಬಂದು ಹೋಗುವವರನ್ನೆಲ್ಲ ಬರೆದರೆ ಹಾಳೆ ತುಂಬಿ ಉಪಯೋಗಕ್ಕೆ ಬಾರದು. ಯಾರು ಯಾವ ಮನೆಯಿಂದ ಯಾವ ಮನೆಗೆ ಹೊರಟರೋ ಅಲ್ಲಿಗೊಂದು ಬಾಣದ ಗೆರೆ ಎಳೆಯಿರಿ. ಐವತ್ತು ಪುಟದೊಳಗೆ ಹಾಳೆಯ ತುಂಬ ಗೆರೆ ಮೂಡಿರುತ್ತದೆ.

‘ಕಥೆ ಮುಂದೆ ಹೋಗುವುದೇ ಇಲ್ಲ’ ಎಂಬ ನಿಮ್ಮ ದೂರಿಗೂ ಆ ಗೆರೆಗಳಲ್ಲೇ ಉತ್ತರವಿದೆ. ಈ ಕಾದಂಬರಿಯ ಕಥೆ ಹೊಳೆಯಂತೆ ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ, ಕಾಡಿನ ಕಾಲುದಾರಿಗಳಂತೆ ಹರಡಿಕೊಳ್ಳುತ್ತದೆ. ನಾಯಕ ಯಾರು ಎಂದು ಹುಡುಕುತ್ತಾ ಹೋದವರು ಗುತ್ತಿಯನ್ನು ಹಿಡಿದುಕೊಳ್ಳುತ್ತಾರೆ, ಅವನು ಕಣ್ಮರೆಯಾದ ಕೂಡಲೇ ದಾರಿ ತಪ್ಪಿತು ಎಂದುಕೊಳ್ಳುತ್ತಾರೆ. ಕುವೆಂಪು ಪುಸ್ತಕದ ಬಾಗಿಲಲ್ಲೇ ಎಚ್ಚರಿಸಿದ್ದಾರೆ: ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’. ಆ ಸಾಲನ್ನು ಭಾಷಣಗಳಲ್ಲಿ ಬಳಸಿ ಬಳಸಿ ಸುಭಾಷಿತ ಮಾಡಿಬಿಟ್ಟಿದ್ದೇವೆ. ನಿಜಕ್ಕೂ ಅದು ಓದುವ ಕ್ರಮ. ಅದೇ ಪುಟದಲ್ಲಿ ‘ಅವಸರವೂ ಸಾವಧಾನದ ಬೆನ್ನೇರಿದೆ’ ಎಂದೂ ಇದೆ. ಒಂದು ಅಧ್ಯಾಯ ಮುಗಿದಾಗ ‘ಮುಂದೇನಾಯಿತು’ ಎಂದು ಕೇಳಿಕೊಳ್ಳುವ ಬದಲು ‘ಈಗ ಯಾವ ಮನೆಯಲ್ಲಿದ್ದೇನೆ’ ಎಂದು ಕೇಳಿಕೊಳ್ಳಿ. ಈ ಒಂದು ಬದಲಾವಣೆಯಿಂದ ಅರ್ಧ ಕಷ್ಟ ಹಗುರಾಗುತ್ತದೆ ಎಂದು ನಮ್ಮ ನಂಬಿಕೆ.

ಮಾತಿನ ತೊಡಕಿಗೆ ಮದ್ದು ಬಾಯಲ್ಲಿದೆ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ. ಪಾದ್ರಿಯ ಬೈಸಿಕಲ್ಲು ಅಲ್ಲಿಯ ಜನರ ಬಾಯಲ್ಲಿ ‘ಬೀಸೆಕಲ್ಲು’ ಆಗುತ್ತದೆ. ಕಣ್ಣಿಗೆ ಅದು ಹಿಟ್ಟು ಬೀಸುವ ಕಲ್ಲು. ಕಿವಿಗೆ ಬಿದ್ದ ಕ್ಷಣ ಗಾಲಿ ಕಟ್ಟಿಕೊಂಡು ಓಡತೊಡಗುತ್ತದೆ. ಬೈಸಿಕಲ್ಲನ್ನೇ ಕಾಣದವರು ತಮಗೆ ಗೊತ್ತಿದ್ದ ದುಂಡನೆಯ, ತಿರುಗುವ ವಸ್ತುವಿನ ಹೆಸರನ್ನು ಅದಕ್ಕೆ ಕೊಟ್ಟಿದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿಗೆ ಹೊಸ ಕಾಲ ಹೇಗೆ ಕಾಲಿಟ್ಟಿತು ಎಂಬುದೆಲ್ಲ ಆ ಒಂದು ಪದದಲ್ಲಿದೆ. ಮೌನವಾಗಿ ಓದಿದರೆ ಇದು ಕೈಗೆ ಸಿಗದೆ ಹೋಗಬಹುದು.

ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಅದರಿಂದ ಓದು ತುಂಡಾಗುತ್ತದೆ. ಗೊತ್ತಾಗದ ಪದದ ಪಕ್ಕ ಪೆನ್ಸಿಲಿನಲ್ಲಿ ಚುಕ್ಕೆ ಇಡಿ. ಅದೇ ಪದ ಮೂರನೇ ಸಲ ಬಂದಾಗ ಅರ್ಥ ಹುಡುಕಿ. ಅಷ್ಟರಲ್ಲಿ ಎಷ್ಟೋ ಪದಗಳು ಸಂದರ್ಭದಿಂದಲೇ ತಿಳಿದಿರುತ್ತವೆ. ಕೆಲವನ್ನು ಮೊದಲೇ ತಿಳಿದುಕೊಂಡರೆ ಒಳ್ಳೆಯದು: ‘ಹಳು’ ಎಂದರೆ ದಟ್ಟ ಪೊದೆಗಾಡು, ‘ಗೊರಬು’ ಮಳೆಯಲ್ಲಿ ಗದ್ದೆ ಕೆಲಸ ಮಾಡುವಾಗ ತಲೆ-ಬೆನ್ನಿಗೆ ಹಾಕಿಕೊಳ್ಳುವ ಮರೆ, ‘ಸೇರೆಗಾರ’ ಘಟ್ಟದ ಕೆಳಗಿನಿಂದ ಆಳುಗಳನ್ನು ಕರೆತಂದು ಕೆಲಸ ಮಾಡಿಸುವವನು. ತೀರ್ಥಹಳ್ಳಿ, ಕೊಪ್ಪದ ಕಡೆಯ ಹಿರಿಯರು ಯಾರಾದರೂ ಪರಿಚಯವಿದ್ದರೆ ಉಳಿದದ್ದನ್ನು ಅವರನ್ನೇ ಕೇಳಿ.

ಇನ್ನು ಲೆಕ್ಕಾಚಾರ. ಒಂದು ದಿನ ಗಡಿಯಾರ ಇಟ್ಟುಕೊಂಡು ನಿಮ್ಮ ವೇಗ ನೋಡಿ. ಪುಟಕ್ಕೆ ಎರಡೂವರೆ ನಿಮಿಷವಾದರೆ ಅರ್ಧ ಗಂಟೆಗೆ 12 ಪುಟ. ಉಳಿದ ಐನೂರು ಪುಟಕ್ಕೆ ಸುಮಾರು 42 ದಿನ. ಭಾನುವಾರ ನೂರು ಪುಟ ಓದಿ ವಾರವಿಡೀ ಮುಟ್ಟದಿರುವುದಕ್ಕಿಂತ ಇದು ಎಷ್ಟೋ ವಾಸಿ. ನಾಲ್ಕೈದು ದಿನ ಬಿಟ್ಟರೆ ಹೆಸರುಗಳು ಜಾರಿಹೋಗುತ್ತವೆ. ಬಿಡಬೇಕಾಗಿ ಬಂದರೆ, ನಿಲ್ಲಿಸುವ ಮುನ್ನ ಹಾಳೆಯ ಹಿಂಬದಿಯಲ್ಲಿ ಎರಡು ಸಾಲು ಬರೆದಿಡಿ: ಯಾರು ಎಲ್ಲಿದ್ದಾರೆ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ. ಮಲಗುವ ಮುಂಚಿನ ಹೊತ್ತನ್ನು ಇದಕ್ಕೆ ಇಡಬೇಡಿ. ನಿದ್ದೆಗಣ್ಣಿನಲ್ಲಿ ಮೊದಲು ಮಸುಕಾಗುವುದು ಕಾಡಿನ ವರ್ಣನೆ, ಈ ಪುಸ್ತಕದ ಜೀವವೇ ಅಲ್ಲಿದೆ.

ಮೊದಲು ಕುವೆಂಪು ಅವರದೇ ‘ಕಾನೂರು ಹೆಗ್ಗಡಿತಿ’ ಓದಿದರೆ ಸುಲಭವೇ ಎಂದೂ ಕೇಳಿದ್ದೀರಿ. ಸುಲಭವೇ. 1936ರ ಆ ಕಾದಂಬರಿಯಲ್ಲಿ ಹೂವಯ್ಯನೆಂಬ ಕೇಂದ್ರವಿದೆ, ಮಲೆನಾಡ ಮನೆಯ ಒಳಹೊರಗು ಪರಿಚಯವಾಗುತ್ತದೆ. ಆದರೆ ಅದರ ರುಚಿ ಹಿಡಿದು 1967ರ ಈ ಕಾದಂಬರಿಯಲ್ಲೂ ಅಂಥದೇ ನಾಯಕನನ್ನು ಹುಡುಕಿದರೆ ಮತ್ತೆ ಎಡವುತ್ತೀರಿ. ಸಿ. ಬಸವಲಿಂಗಯ್ಯ ನಿರ್ದೇಶಿಸಿ ಮೈಸೂರಿನ ರಂಗಾಯಣ 2010ರಲ್ಲಿ ಆಡಿದ, ಇದೇ ಕಾದಂಬರಿಯ ರಾತ್ರಿಯಿಡೀ ನಡೆಯುವ ನಾಟಕವನ್ನು ಮೊದಲೇ ನೋಡಿದ್ದರೂ ನಷ್ಟವಿಲ್ಲ. ಮುಖಗಳು ಮನಸ್ಸಿನಲ್ಲಿ ನಿಂತಿದ್ದರೆ ಹೆಸರು ತಾನಾಗಿ ನಿಲ್ಲುತ್ತದೆ.

ಕುಮಾರವ್ಯಾಸನ ಬಗ್ಗೆ ಚುಟುಕಾಗಿ: ಅವನನ್ನು ಪುಟದ ಲೆಕ್ಕದಲ್ಲಿ ಓದಬೇಡಿ. ದಿನಕ್ಕೆ ಐದು ಪದ್ಯ, ಗಟ್ಟಿಯಾಗಿ. ಅವನ ಕಾವ್ಯದ ಛಂದಸ್ಸಾದ ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯದು. ಆ ತಾಳ ನಾಲಿಗೆಗೆ ಹತ್ತಿದರೆ ಪದ ಎಲ್ಲಿ ಒಡೆಯಬೇಕೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ವಾಚನ ಕೇಳಿದ ಮೇಲೆ ಓದಿದರೆ ಇನ್ನೂ ಹಗುರ.

ಬಿಡುವ ಪ್ರಶ್ನೆ ಉಳಿಯಿತು. ಹಾಳೆ ಮಾಡಿಕೊಂಡು, ದಿನಾ ಅರ್ಧ ಗಂಟೆ ಕೊಟ್ಟು, ಇನ್ನೂ 150 ಪುಟ ಓದಿದ ಮೇಲೂ ಗುತ್ತಿ-ತಿಮ್ಮಿಯರ ಪಾಡು, ಪೀಂಚಲು-ಐತರ ಜೋಡಿ, ಚಿನ್ನಮ್ಮನ ಹಟ ಯಾವುದೂ ಮನಸ್ಸಿಗೆ ತಾಗದಿದ್ದರೆ ಪುಸ್ತಕವನ್ನು ಕಪಾಟಿಗೆ ಸೇರಿಸಿ. ಅದಕ್ಕೆ ನಾಚಬೇಕಿಲ್ಲ. ಹಾಳೆಯನ್ನು ಮಾತ್ರ ಹರಿಯಬೇಡಿ, ಪುಸ್ತಕದೊಳಗೇ ಇಡಿ. ತಾಗಿದರೆ, ಕೊನೆಯ ಪುಟಗಳನ್ನು ಒಂದೇ ಬೈಠಕ್ಕಿನಲ್ಲಿ ಓದುವಂತೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಅಲ್ಲಿ ತುಂಗೆ ತುಂಬಿ ಹರಿಯುತ್ತಿರುತ್ತಾಳೆ, ಗುತ್ತಿಯ ಹಿಂದೆ ಹುಲಿಯನೂ ಇರುತ್ತಾನೆ. ಅಲ್ಲಿ ಏನಾಗುತ್ತದೆಂದು ನಾವು ಇಲ್ಲಿ ಬರೆಯುವುದಿಲ್ಲ.

– ಸಂಪಾದಕರು