ಸಹಕಾರಿ ಜಮೀನು, ವಸತಿ ಸಮುದಾಯಕ್ಕೆ ಜನರನ್ನು ಸೇರಿಸುವುದು ಹೇಗೆ?

ಜಮೀನನ್ನು ಎಲ್ಲರ ಪರವಾಗಿ ಒಂದು ಸಂಸ್ಥೆಯ ಹೆಸರಲ್ಲಿ ಇಟ್ಟುಕೊಂಡು ಮನೆ ಕಟ್ಟಿಕೊಳ್ಳುವ ಗುಂಪಿಗೆ ಜನರನ್ನು ಸೇರಿಸಲು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಕರಪತ್ರ ಆಮೇಲೆ ಇರಲಿ. ಮೊದಲು ಮನೆ ಬಾಗಿಲಿಗೆ ಹೋಗಿ.

ಹೋದ ಕೂಡಲೇ ಯೋಜನೆ ವಿವರಿಸಬೇಡಿ. ಬಾಡಿಗೆ ಎಷ್ಟು ಸಲ ಏರಿತು, ಎಷ್ಟು ಮನೆ ಬದಲಿಸಿದಿರಿ ಅಂತ ಕೇಳಿ, ಹತ್ತು ನಿಮಿಷ ಸುಮ್ನೆ ಕೂತು ಕೇಳಿಸಿಕೊಳ್ಳಿ. ಆಮೇಲೆ ಅವರೇ ಕೇಳುತ್ತಾರೆ: ‘ಜಮೀನು ಯಾರ ಹೆಸರಲ್ಲಿರುತ್ತೆ? ನಾನು ಬಿಟ್ಟು ಹೋದರೆ ದುಡ್ಡು ವಾಪಸ್ ಬರುತ್ತಾ? ಮಕ್ಕಳಿಗೆ ಮನೆ ಸಿಗುತ್ತಾ?’ ಈ ಮೂರಕ್ಕೆ ನೇರ ಉತ್ತರ ಇಲ್ಲದೆ ಯಾರ ಬಾಗಿಲೂ ತಟ್ಟಬೇಡಿ. ಸಾಮಾನ್ಯವಾಗಿ ಜಮೀನು ಸಂಸ್ಥೆಯ ಹೆಸರಲ್ಲೇ ಉಳಿಯುತ್ತದೆ. ಸದಸ್ಯರಿಗೆ ವಾಸದ ಹಕ್ಕೋ ದೀರ್ಘ ಗುತ್ತಿಗೆಯೋ ಸಿಗುತ್ತದೆ. ಎಷ್ಟೋ ಕಡೆ ಮನೆ ಮಾರುವ ಬೆಲೆಗೆ ಮಿತಿಯೂ ಇರುತ್ತದೆ. ಈ ಮಿತಿಯನ್ನು ಮಾತ್ರ ಮುಚ್ಚಿಡಲೇಬೇಡಿ. ಸೇರಿದ ಮೇಲೆ ಗೊತ್ತಾದರೆ ನಂಬಿಕೆಯೇ ಹೋಗುತ್ತದೆ, ಅಲ್ವಾ?

ಜನ ಈಗಾಗಲೇ ನಂಬಿರುವ ಗುಂಪುಗಳನ್ನೂ ಜೊತೆಗೆ ಕರೆದುಕೊಳ್ಳಿ. 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಶುರುವಾದ ‘ನ್ಯೂ ಕಮ್ಯುನಿಟೀಸ್’ ಎಂಬ ಸಾಮೂಹಿಕ ಜಮೀನಿನ ಸಂಸ್ಥೆ ಹುಟ್ಟಿದ್ದು ನಾಗರಿಕ ಹಕ್ಕುಗಳ ಚಳವಳಿಯ ಕಾರ್ಯಕರ್ತರಿಂದ.

ಸೇರಿದವರಿಗೆ ಬೇಗ ಕೆಲಸ ಕೊಡಿ. ಉರುಗ್ವೆಯಲ್ಲಿ 1968ರ ವಸತಿ ಕಾನೂನಿನ ನಂತರ ಬೆಳೆದ ಪರಸ್ಪರ ನೆರವಿನ ಸಂಘಗಳಲ್ಲಿ ಪ್ರತಿ ಕುಟುಂಬ ವಾರಕ್ಕೆ ಸುಮಾರು 21 ಗಂಟೆ ದುಡಿದು ಮನೆ ಕಟ್ಟುತ್ತದೆ. ಇಟ್ಟಿಗೆ ಕೈಯಿಂದ ಕೈಗೆ ದಾಟಿಸುವಾಗ ಆಗುವ ಪರಿಚಯ ಭಾಷಣದಿಂದ ಆಗಲ್ಲ.

ಇನ್ನೊಂದು: ಸಭೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಲಿ. ತಾಯಂದಿರು ಜಾಸ್ತಿ ಬರುತ್ತಾರೆ.