ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿಚುವಾನ್ ಹೋಟೆಲಿನ ಊಟ

ಪ್ರಶ್ನೆ: ಕಚೇರಿಯ ಕೆಲಸದ ಮೇಲೆ ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ನಗರಕ್ಕೆ ಹೋಗಿದ್ದ ನಾವು ಐವರು ಅಲ್ಲಿಯ ಒಂದು ಸಿಚುವಾನ್ ಹೋಟೆಲಿಗೆ ಊಟಕ್ಕೆ ಹೋದೆವು. ಮೆನುವಿನ ಚಿತ್ರಗಳನ್ನು ನೋಡಿ ಮಾಪೊ ತೋಫು, ಕೆಂಪೆಣ್ಣೆಯಲ್ಲಿ ತೇಲುವ ಮೀನು, ಅದೇ ರೀತಿಯ ಎಣ್ಣೆಯಲ್ಲಿ ಬೆಂದ ಮಾಂಸ, ಒಣಮೆಣಸಿನಕಾಯಿಯ ರಾಶಿಯೊಳಗೆ ಹುದುಗಿದ ಕೋಳಿ, ಈ ನಾಲ್ಕನ್ನು ತರಿಸಿದೆವು. ನಾಲ್ಕು ತುತ್ತು ಇಳಿಯುವಷ್ಟರಲ್ಲಿ ಯಾವುದು ಮೀನು, ಯಾವುದು ಮಾಂಸ ಎಂಬುದೇ ನಾಲಿಗೆಗೆ ತಿಳಿಯದಾಯಿತು. ಸಿಚುವಾನ್ ಅಡುಗೆಯೆಂದರೆ ಇಷ್ಟೇಯೇ?

ಉತ್ತರ: ನೀವು ತರಿಸಿದ ನಾಲ್ಕೂ ಒಳ್ಳೆಯ ಖಾದ್ಯಗಳೇ, ಅವುಗಳನ್ನು ಒಂದೇ ಹೊತ್ತಿನಲ್ಲಿ ಒಂದೇ ಮೇಜಿಗೆ ಕರೆದದ್ದರಲ್ಲಿ ಎಡವಟ್ಟಾಯಿತು. ನಾಲ್ಕೂ ‘ಮಾಲಾ’ ಎಂಬ ಒಂದೇ ರುಚಿಯ ಮನೆತನಕ್ಕೆ ಸೇರಿದವು. ಚೀನೀ ಭಾಷೆಯಲ್ಲಿ ‘ಮಾ’ ಎಂದರೆ ಜೋಮು ಹಿಡಿಸುವುದು, ‘ಲಾ’ ಎಂದರೆ ಖಾರ. ಅಲ್ಲದೆ ಮೊದಲ ಮೂರಕ್ಕೂ ಬುನಾದಿ ಒಂದೇ, ಚೆಂಗ್ಡುವಿನ ಪಕ್ಕದ ಪಿಶಿಯಾನ್‌ನಲ್ಲಿ ತಯಾರಾಗುವ ದೌಬಾನ್‌ಜಿಯಾಂಗ್. ಇದು ಫಾವಾ ಕಾಳು, ಮೆಣಸಿನಕಾಯಿ ಮತ್ತು ಉಪ್ಪನ್ನು ಮಣ್ಣಿನ ಜಾಡಿಗಳಲ್ಲಿ ತುಂಬಿ, ಬಿಸಿಲಿಗೆ ತೆರೆದು, ಮಳೆ ಬಂದರೆ ಮುಚ್ಚಿ, ಆಗಾಗ ಕೈಯಾಡಿಸುತ್ತ ವರ್ಷಗಟ್ಟಲೆ ಹುಳಿಯಿಸಿದ ಕಡುಗೆಂಪು ಗೊಜ್ಜು. ಒಂದೇ ಗೊಜ್ಜಿನ ಮೂರು ಬಟ್ಟಲು ಎದುರಿಗಿದ್ದಾಗ ನಾಲಿಗೆ ಗೊಂದಲಗೊಳ್ಳದೆ ಇನ್ನೇನು ಮಾಡೀತು?

ಸಿಚುವಾನಿನ ಅಡುಗೆಯವರು ತಮ್ಮ ಅಡುಗೆಯನ್ನು ಸಾಂಪ್ರದಾಯಿಕವಾಗಿ 24 ರುಚಿ ಪ್ರಕಾರಗಳಾಗಿ ಎಣಿಸುತ್ತಾರೆ. ಮಾಲಾ ಅವುಗಳಲ್ಲಿ ಒಂದು ಮಾತ್ರ. ‘ಒಂದೊಂದು ಖಾದ್ಯಕ್ಕೆ ಒಂದೊಂದು ಬಗೆ, ನೂರು ಖಾದ್ಯಕ್ಕೆ ನೂರು ರುಚಿ’ ಎಂಬುದು ಅಲ್ಲಿಯವರ ಮಾತು. ಅಲ್ಲಿ ‘ಯೂಶಿಯಾಂಗ್’, ಅಂದರೆ ಮೀನಿನ ಪರಿಮಳ, ಎಂಬ ರುಚಿಯಿದೆ. ಅದರಲ್ಲಿ ಮೀನಿನ ಚೂರೂ ಇರುವುದಿಲ್ಲ. ಮೀನಿನ ಅಡುಗೆಗೆ ಬಳಸುವ ಉಪ್ಪಿನಲ್ಲಿಟ್ಟ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಸಕ್ಕರೆ, ವಿನೆಗರ್‌ಗಳನ್ನೇ ಬದನೆಕಾಯಿಗೋ ಮಾಂಸಕ್ಕೋ ಹಾಕಿದಾಗ ಈ ಹೆಸರು ಬರುತ್ತದೆ. ‘ಲಿಚಿ ರುಚಿ’ಯಲ್ಲೂ ಲಿಚಿ ಹಣ್ಣಿಲ್ಲ; ಆ ಹಣ್ಣನ್ನು ನೆನಪಿಗೆ ತರುವ ಸಿಹಿ-ಹುಳಿಯ ಹದವಷ್ಟೇ ಇದೆ. 19ನೆಯ ಶತಮಾನದಲ್ಲಿ ಸಿಚುವಾನಿನ ಗವರ್ನರ್ ಆಗಿದ್ದ ಡಿಂಗ್ ಬಾವ್‌ಜೆನ್ ಅವರ ಪದವಿಯಿಂದ ಹೆಸರು ಪಡೆದ ಕುಂಗ್ ಪಾವ್ ಚಿಕನ್ ಈ ರುಚಿಯದು. ಎಳ್ಳಿನ ಗೊಜ್ಜು, ಸೋಯಾ ಸಾಸ್, ಸಕ್ಕರೆ, ವಿನೆಗರ್, ಮೆಣಸಿನಕಾಯಿ ಎಣ್ಣೆ ಎಲ್ಲವೂ ಕೂಡಿ ಯಾವುದೂ ಮೇಲೇಳದಂತೆ ನಿಲ್ಲುವ ಇನ್ನೊಂದು ರುಚಿಗೆ ಅವರು ‘ವಿಚಿತ್ರ ರುಚಿ’ ಎಂದೇ ಹೆಸರಿಟ್ಟಿದ್ದಾರೆ. ಬೇರೆ ಹೆಸರು ಹೊಳೆಯಲಿಲ್ಲವೇನೋ!

ಖಾರವೇ ಇಲ್ಲದ ಸಿಚುವಾನ್ ಅಡುಗೆಯೂ ಉಂಟು. ‘ಕೈಶುಯ್ ಬಾಯ್‌ಚಾಯ್’ ಎಂಬ ಖಾದ್ಯದ ಹೆಸರಿಗೆ ‘ಕುದಿನೀರಿನಲ್ಲಿ ಎಲೆಕೋಸು’ ಎಂದು ಅರ್ಥ. ಬಟ್ಟಲನ್ನು ನೋಡಿದರೆ ಬಿಸಿನೀರಿನಲ್ಲಿ ಚೀನೀ ಎಲೆಕೋಸಿನ ಎಳೆಯ ತಿರುಳು ಕುಳಿತಂತೆ ಕಾಣುತ್ತದೆ. ಆ ನೀರು ನೀರಲ್ಲ. ಕೋಳಿ ಮತ್ತು ಹಂದಿಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ನುಣ್ಣಗೆ ಅರೆದ ಕೋಳಿಮಾಂಸವನ್ನು ಅದರೊಳಗೆ ಬಿಟ್ಟು, ಕೊಳೆಯೆಲ್ಲ ಅದಕ್ಕೆ ಅಂಟಿಕೊಂಡ ಮೇಲೆ ಸೋಸಿ ತೆಗೆದ ತಿಳಿಸಾರು. ಮೆಣಸಿನಕಾಯಿಯ ಸೋಂಕೂ ಅದಕ್ಕಿಲ್ಲ. ಹಾಗೆ ನೋಡಿದರೆ ಮೆಣಸಿನಕಾಯಿಯೇ ಅಲ್ಲಿಗೆ ಹೊಸಬ. ಚೀನಾದಲ್ಲಿ ಅದರ ಮೊದಲ ಉಲ್ಲೇಖ ಸಿಗುವುದು 1591ರಲ್ಲಿ, ಅದೂ ಚೆಂದಕ್ಕೆ ಬೆಳೆಸುವ ಗಿಡವಾಗಿ.

ಇನ್ನು ತರಿಸುವ ಕ್ರಮ. ಐವರಿದ್ದರೆ ಐದು ಖಾದ್ಯ, ಮೇಲೊಂದು ಸಾರು ಸಾಕು. ಎಲ್ಲವೂ ಮೇಜಿನ ನಡುವೆ ಇರುತ್ತವೆ, ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಕೆಂಪೆಣ್ಣೆಯ ಮೀನನ್ನು ಉಳಿಸಿಕೊಂಡು, ಉಳಿದ ಮೂರನ್ನು ಇನ್ನೊಂದು ದಿನಕ್ಕೆ ಬಿಟ್ಟು, ಅವುಗಳ ಬದಲಿಗೆ ವಿಚಿತ್ರ ರುಚಿಯ ತಣ್ಣನೆಯ ಕೋಳಿ, ಯೂಶಿಯಾಂಗ್ ಬದನೆಕಾಯಿ, ಚಹಾ ಎಲೆಯ ಹೊಗೆಯಲ್ಲಿ ಹದಗೊಂಡ ಬಾತುಕೋಳಿ, ಬೆಳ್ಳುಳ್ಳಿಯೊಂದಿಗೆ ಬಾಡಿಸಿದ ಯಾವುದಾದರೂ ಸೊಪ್ಪು ಮತ್ತು ಒಂದು ತಿಳಿಸಾರನ್ನು ತರಿಸುತ್ತಿದ್ದೆ. ಆಗ ಮೀನಿನ ಖಾರ ನಿಮಗೆ ಖಾರವಾಗಿಯೇ ತಿಳಿಯುತ್ತಿತ್ತು. ಚಿತ್ರ ನೋಡಿ ತರಿಸುವುದೊಂದು ಅಪಾಯ, ಏಕೆಂದರೆ ಚಿತ್ರದಲ್ಲಿ ಕಣ್ಣಿಗೆ ಬೀಳುವುದು ಕೆಂಪು ಬಣ್ಣವೊಂದೇ.

ಪ್ರಶ್ನೆ: ಸಿಚುವಾನ್ ಊಟ ಮಾಡುವಾಗ ನನ್ನ ತುಟಿ ಮತ್ತು ನಾಲಿಗೆ ಸಣ್ಣಗೆ ನಡುಗಿದಂತಾಗಿ, ಆಮೇಲೆ ಜೋಮು ಹಿಡಿಯಿತು. ನನಗೆ ಗಾಬರಿಯಾಯಿತು. ಇದು ಅಲರ್ಜಿಯೇ?

ಉತ್ತರ: ನೀವು ಹೇಳಿದಷ್ಟೇ ಆಗಿದ್ದರೆ ಅಲರ್ಜಿಯಲ್ಲ, ‘ಹುವಾಜಿಯಾವ್’ ಎಂಬ ಸಂಬಾರ ತನ್ನ ಕೆಲಸ ಮಾಡಿದೆ. ಇಂಗ್ಲಿಷಿನಲ್ಲಿ ಇದನ್ನು ಸಿಚುವಾನ್ ಪೆಪ್ಪರ್ ಎಂದರೂ ಕರಿಮೆಣಸಿಗಾಗಲಿ ಮೆಣಸಿನಕಾಯಿಗಾಗಲಿ ಇದು ನೆಂಟನಲ್ಲ. ನಿಂಬೆಯ ಕುಟುಂಬಕ್ಕೆ ಸೇರಿದ ಮುಳ್ಳುಗಿಡವೊಂದರ ಕಾಯಿಯ ಸಿಪ್ಪೆ. ಒಳಗಿನ ಕರಿಯ ಬೀಜ ಹಲ್ಲಿಗೆ ಮರಳಿನಂತೆ ಸಿಗುವುದರಿಂದ ಅದನ್ನು ತೆಗೆದುಹಾಕುತ್ತಾರೆ. ಸಿಪ್ಪೆಯಲ್ಲಿರುವ ಸ್ಯಾನ್‌ಶೂಲ್ ಎಂಬ ರಾಸಾಯನಿಕವು ಸ್ಪರ್ಶವನ್ನು ತಿಳಿಸುವ ನರತಂತುಗಳನ್ನೇ ಕೆಣಕುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇದನ್ನು ತುಟಿಗೆ ಹಚ್ಚಿಕೊಂಡವರಿಗೆ ಸೆಕೆಂಡಿಗೆ ಸುಮಾರು 50 ಸಲ ಕಂಪಿಸುವ ವಸ್ತುವನ್ನು ಮುಟ್ಟಿದಂಥ ಅನುಭವವಾಗಿತ್ತು. ಆದ್ದರಿಂದ ನಡುಗಿದಂತಾಯಿತು ಎಂಬ ನಿಮ್ಮ ಮಾತು ಬಹಳ ಕರಾರುವಾಕ್ಕಾಗಿದೆ.

ಸ್ವಲ್ಪ ಹೊತ್ತಿನಲ್ಲಿ ಈ ಜೋಮು ತಾನಾಗಿಯೇ ಇಳಿಯುತ್ತದೆ. ಆದರೆ ತುಟಿ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರಾಟಕ್ಕೆ ತೊಂದರೆಯಾದರೆ ಅದು ಬೇರೆ ವಿಷಯ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಈ ಅಡುಗೆಯಲ್ಲಿ ಕಡಲೆಕಾಯಿ, ಎಳ್ಳು, ಸೋಯಾ ಧಾರಾಳವಾಗಿ ಬಳಕೆಯಾಗುವುದರಿಂದ, ಅವು ಒಗ್ಗದವರು ಮೊದಲೇ ಹೇಳಿಬಿಡುವುದು ಕ್ಷೇಮ. ಖಾರಕ್ಕೆ ನೀರು ಕುಡಿದು ಪ್ರಯೋಜನವಿಲ್ಲ, ಏಕೆಂದರೆ ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ. ಹಾಲು ಕುಡಿಯಿರಿ, ಇಲ್ಲವೇ ಬರಿಯ ಅನ್ನದ ಎರಡು ತುತ್ತು ಬಾಯಿಗೆ ಹಾಕಿಕೊಳ್ಳಿ.

ಪ್ರಶ್ನೆ: ನಾನು ಸಸ್ಯಾಹಾರಿ. ತೋಫು ತಾನೇ ಎಂದು ಮಾಪೊ ತೋಫು ತರಿಸಿದರೆ ಅದರಲ್ಲಿ ಕೊಚ್ಚಿದ ಮಾಂಸ ಸಿಕ್ಕಿತು. ಹೋಟೆಲಿನವರದು ತಪ್ಪಲ್ಲವೇ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ತಪ್ಪು ಅವರದಲ್ಲ. ಚೀನಾದಲ್ಲಿ ತೋಫು ಮಾಂಸದ ಬದಲಿಗೆ ತಿನ್ನುವ ವಸ್ತುವಲ್ಲ, ಮಾಂಸದ ಜೊತೆಗೂ ತಿನ್ನುವ ವಸ್ತು. ಮಾಪೊ ತೋಫು ಚಿಂಗ್ ರಾಜವಂಶದ ಕಾಲದಲ್ಲಿ ಚೆಂಗ್ಡುವಿನ ಚೆನ್ ಮನೆತನದ ಒಬ್ಬ ಹೆಂಗಸಿನ ಹೋಟೆಲಿನಿಂದ ಬಂದದ್ದು ಎಂದು ಹೇಳುತ್ತಾರೆ. ‘ಮಾಪೊ’ ಎಂದರೆ ಮುಖದ ಮೇಲೆ ಸಿಡುಬಿನ ಕಲೆಯಿದ್ದ ಮುದುಕಿ. ಕೊಚ್ಚಿದ ದನದ ಮಾಂಸ ಆ ಖಾದ್ಯದ ಮೂಲ ಪದ್ಧತಿಯಲ್ಲೇ ಇದೆ. ಹುರಿದ ಹುರುಳಿಕಾಯಿ, ಯೂಶಿಯಾಂಗ್ ಬದನೆಕಾಯಿ, ದಾನ್‌ದಾನ್ ನೂಡಲ್ಸ್ ಇವುಗಳಲ್ಲೂ ಕೊಚ್ಚಿದ ಹಂದಿಮಾಂಸ ಇರುವುದು ಸಾಮಾನ್ಯ. ಬರಿಯ ಸೊಪ್ಪನ್ನೂ ಹಂದಿಯ ಕೊಬ್ಬಿನಲ್ಲಿ ಬಾಡಿಸಿರಬಹುದು.

‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು. ಮಾಂಸಕ್ಕೆ ಅವರು ಹೇಳುವ ‘ರೋ’ ಎಂಬ ಪದ ಬಳಕೆಯಲ್ಲಿ ಹೆಚ್ಚಾಗಿ ಹಂದಿಮಾಂಸವನ್ನೇ ಸೂಚಿಸುತ್ತದೆ, ಮೂಳೆಯ ಸಾರೂ ಒಣಸೀಗಡಿಯೂ ಆ ಮಾತಿನ ಹೊರಗೇ ಉಳಿದುಬಿಡುತ್ತವೆ. ‘ವೊ ಚ್ರ್ ಸು’, ಅಂದರೆ ನಾನು ಸಸ್ಯಾಹಾರಿ, ಎಂದು ಹೇಳಿ, ಮಾಂಸ, ಮೀನು, ಸೀಗಡಿ, ಮೂಳೆಸಾರು, ಹಂದಿಕೊಬ್ಬು ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ಚೀನೀ ಲಿಪಿಯಲ್ಲಿ ಬರೆಸಿದ ಒಂದು ಚೀಟಿ ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು. ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ಚೆಂಗ್ಡುವಿನ ವೆನ್‌ಶು ಬೌದ್ಧ ವಿಹಾರದಲ್ಲಿ ಸಸ್ಯಾಹಾರದ ಭೋಜನಶಾಲೆಯಿದೆ. ಬೌದ್ಧ ವಿಹಾರಗಳ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ವರ್ಜಿಸುವುದು ಸಂಪ್ರದಾಯ.

ಪ್ರಶ್ನೆ: ತಟ್ಟೆಯ ತುಂಬ ಬರುವ ಒಣಮೆಣಸಿನಕಾಯಿಯನ್ನೂ ಬಟ್ಟಲಿನ ಎಣ್ಣೆಯನ್ನೂ ಬಿಟ್ಟರೆ ಮರ್ಯಾದೆಗೇಡಾಗುವುದೇ?

ಉತ್ತರ: ಖಂಡಿತ ಇಲ್ಲ, ಅಲ್ಲಿಯವರೂ ಬಿಡುತ್ತಾರೆ. ಮೆಣಸಿನಕಾಯಿ ಪರಿಮಳಕ್ಕೆ ಹಾಕಿದ್ದು, ಅದರ ನಡುವಿನಿಂದ ಕೋಳಿಯ ತುಂಡುಗಳನ್ನು ಚಾಪ್‌ಸ್ಟಿಕ್‌ನಿಂದ ಹುಡುಕಿ ತೆಗೆಯುವುದೇ ಆ ಖಾದ್ಯದ ಗಮ್ಮತ್ತು. ಮೀನಿನ ಮೇಲಿನ ಎಣ್ಣೆ ಸಾರಲ್ಲ, ಕುಡಿಯಬೇಡಿ. ಆ ಮೀನಿನ ಚೀನೀ ಹೆಸರಿಗೆ ‘ನೀರಿನಲ್ಲಿ ಬೇಯಿಸಿದ ಮೀನು’ ಎಂದು ಅರ್ಥವಿರುವುದನ್ನು ನಂಬಿ ಮೋಸ ಹೋದವರು ಬಹಳ ಮಂದಿ.

ಪ್ರಶ್ನೆ: ಅನ್ನ ಕೊನೆಯವರೆಗೂ ಬರಲೇ ಇಲ್ಲ. ಮರೆತಿದ್ದರೇ?

ಉತ್ತರ: ಮರೆತಿರಲಾರರು. ಔತಣದ ಊಟದಲ್ಲಿ ಖಾದ್ಯಗಳೆಲ್ಲ ಮುಗಿದ ಮೇಲೆ, ಹೊಟ್ಟೆಯಲ್ಲಿ ಇನ್ನೂ ಜಾಗವಿದ್ದವರಿಗೆಂದು ಅನ್ನ ತರುವುದು ಅಲ್ಲಿಯ ವಾಡಿಕೆ. ಜೊತೆಯಲ್ಲೇ ಬೇಕಿದ್ದರೆ ಊಟಕ್ಕೆ ಹೇಳುವಾಗಲೇ ‘ಮಿಫಾನ್’ ಎಂದು ಕೇಳಿ. ಬಂದ ಅನ್ನದಲ್ಲಿ ಚಾಪ್‌ಸ್ಟಿಕ್‌ಗಳನ್ನು ನೆಟ್ಟಗೆ ಚುಚ್ಚಿಡಬೇಡಿ. ಅದು ಸತ್ತವರ ಮುಂದೆ ಹಚ್ಚಿಟ್ಟ ಊದುಬತ್ತಿಯಂತೆ ಕಾಣುತ್ತದೆ.